ಸಣ್ಣ ಎಲೆಯ ಪಾಲು

ಮೂವತ್ಮೂರರ ವಯಸ್ಸಿನಲ್ಲಿ ಎಂ.ಎಸ್ಸಿ. ಓದಲು ಬಂದ ನನ್ನನ್ನು ಕ್ಲಾಸಿನ ಹುಡುಗರು ಮೊದಲು ಆಂಟಿ ಎಂದರು. ನನ್ನ ಬಾಯಿಯ ರುಚಿ ನೋಡಿದ ಮೇಲೆ ಅಕ್ಕ ಎಂದರು. ಎರಡಕ್ಕೂ ನನ್ನ ತಕರಾರಿಲ್ಲ. ತಕರಾರು ಇದ್ದದ್ದು ಅಮ್ಮನ ಮೇಲೆ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಫಸ್ಟ್ ಕ್ಲಾಸಿನಲ್ಲಿ ಪಾಸಾದವಳನ್ನು ಅಲ್ಲಿಗೇ ನಿಲ್ಲಿಸಿ, ಯಶವಂತಪುರದ ಆಚೆ ಒಂದು ಗಾರ್ಮೆಂಟ್ ಫ್ಯಾಕ್ಟರಿಗೆ ಕಳಿಸಿದವಳು ಅವಳೇ. ಅಕ್ಕ ಮಧುಶ್ರೀ ಓದುತ್ತಿದ್ದಳು, ಇಬ್ಬರೂ ಓದಿದರೆ ಆಗುವುದಿಲ್ಲ ಎಂದಳು ಅಮ್ಮ. ಹನ್ನೆರಡು ವರ್ಷ ನಾನು ಅಂಗಿಗಳಿಗೆ ಕಾಲರ್ ಹೊಲಿದೆ. ಯಾರ ಕತ್ತಿಗೆ ಅಂತ ಕೇಳಬೇಡಿ, ಎಲ್ಲಾ ಹೊರದೇಶದ ಕತ್ತುಗಳು.

ಮಧ್ಯದಲ್ಲಿ ಮದುವೆಯಾಯಿತು, ಮಗಳು ಹುಟ್ಟಿದಳು. ಅವಳನ್ನು ಸ್ಕೂಲಿಗೆ ಸೇರಿಸಿದ ವರ್ಷ ನನ್ನ ಗಂಡ ನರೇಂದ್ರ ಒಂದು ದಿನ ಊಟದ ತಟ್ಟೆ ಪಕ್ಕಕ್ಕಿಟ್ಟು, "ಓದೋ ಆಸೆ ಹೊಟ್ಟೇಲಿಟ್ಕೊಂಡು ನನ್ ಮೇಲೆ ರೇಗೋ ಬದ್ಲು ಹೋಗಿ ಓದ್ಬಿಡು ಮಾರಾಯ್ತಿ," ಎಂದ. ಹಾಗೆ ಮೂವತ್ತರಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಬಾಟನಿ ಹಿಡಿಸಿತು. ಈಗ ಎಂ.ಎಸ್ಸಿ. ಕೊನೆಯ ವರ್ಷ, ಯಲಹಂಕದ ಹತ್ತಿರದ ಒಂದು ಕಾಲೇಜಿನಲ್ಲಿ.

ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ನೆರಳಿನಲ್ಲಿ ಬೆಳೆಯುವ ಕಾಡುಮರದ ಎಲೆ. ಮೊದಲೇ ಹೇಳಿಬಿಡುತ್ತೇನೆ, ಎಲೆಗೂ ಮನುಷ್ಯರಿಗೂ ಹೋಲಿಕೆ ಕಟ್ಟಿ ಭಾಷಣ ಬಿಗಿಯುವವರನ್ನು ಕಂಡರೆ ನನಗಾಗುವುದಿಲ್ಲ. ಎಲೆ ಎಲೆಯೇ. ದಟ್ಟ ಕಾಡಿನ ನೆತ್ತಿಯಲ್ಲಿ ಬಿಸಿಲು ಬೇಕಾದಷ್ಟು. ಅಲ್ಲಿನ ಎಲೆಗಳು ಸಣ್ಣಗೆ, ದಪ್ಪಗೆ, ಓರೆಯಾಗಿ ನಿಂತಿರುತ್ತವೆ, ಒಣಗದೆ ಉಳಿದರೆ ಸಾಕು ಅವಕ್ಕೆ. ಅಲ್ಲಿಂದ ಸೋಸಿ ಸೋಸಿ ನೆಲಕ್ಕೆ ಇಳಿಯುವಷ್ಟರಲ್ಲಿ ಬೆಳಕು ನೂರರಲ್ಲಿ ಒಂದೆರಡು ಪಾಲು ಉಳಿದರೆ ಹೆಚ್ಚು. ಬುಡದಲ್ಲಿರುವ ಮರ ಅಷ್ಟರಲ್ಲೇ ಬದುಕಬೇಕು. ಹಾಗಾಗಿ ಅದು ಎಲೆಯನ್ನು ಅಗಲ ಮಾಡುತ್ತದೆ, ತೆಳ್ಳಗೆ ಮಾಡುತ್ತದೆ, ಮಳೆಹನಿಗೆ ಅಂಗೈ ಒಡ್ಡಿದ ಹಾಗೆ ಮಟ್ಟಸವಾಗಿ ಹಿಡಿಯುತ್ತದೆ. ಆದರೆ ಅಗಲ ಎಲೆಗಳು ಒಂದರ ಮೇಲೊಂದು ಬಂದರೆ ತನ್ನ ಎಲೆಗೆ ತಾನೇ ನೆರಳು. ಅದಕ್ಕೂ ಉಪಾಯ ಉಂಟು. ಕೆಲವು ಮರಗಳ ಎಲೆಯ ಬುಡ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿರುತ್ತದೆ, ಪಕ್ಕದ ಎಲೆ ಒತ್ತಿಕೊಂಡು ಕೂರಲಿ ಅಂತ.

ನನ್ನ ಮರದ ಉಪಾಯವೇ ಬೇರೆ. ಘಟ್ಟದ ಕಾಡಿನ ತಳದಲ್ಲಿ ಬೆಳೆಯುವ ಗಿಡ್ಡ ಮರ, ಅದರ ಲ್ಯಾಟಿನ್ ಹೆಸರು ಹೇಳಿದರೆ ನಾಲಿಗೆ ಉಳುಕುತ್ತದೆ. ಅದರ ಕೊಂಬೆಯಲ್ಲಿ ಪ್ರತಿ ಗೆಣ್ಣಿಗೂ ಎರಡು ಎಲೆ, ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡದು ಅಂಗೈಯಗಲ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಸಣ್ಣದು ಹೆಬ್ಬೆರಳಿನ ಗಾತ್ರ, ಕೊಂಬೆಯ ಮೇಲೆಯೇ ಕೂರುತ್ತದೆ, ಎರಡು ದೊಡ್ಡ ಎಲೆಗಳ ಬುಡದ ನಡುವೆ ಉಳಿಯುವ ಸಂದಿನಲ್ಲಿ. ಮೇಲಿನಿಂದ ನೋಡಿದರೆ ನೆಲ ಕಾಣದ ಹಾಗೆ ಹೆಂಚು ಹೊದಿಸಿದಂತೆ ಇರುತ್ತದೆ. ಆ ಸಣ್ಣ ಎಲೆ ಗಿಡಕ್ಕೆ ಎಷ್ಟು ಬೆಳಕು ತಂದುಕೊಡುತ್ತದೆ ಎಂದು ಅಳೆಯುವುದು ನನ್ನ ಕೆಲಸ.

ಸಸಿಗಳನ್ನು ನಮ್ಮ ಗೈಡ್ ಶೇಖರಪ್ಪ ಸರ್ ಘಟ್ಟದಿಂದ ತರಿಸಿಕೊಟ್ಟರು. ಇಡಲು ಜಾಗವನ್ನು ಮಾತ್ರ ಕೊಡಲಿಲ್ಲ. ಕಾಲೇಜಿನ ನೆರಳುಮನೆ ಪಿಎಚ್.ಡಿ. ಹುಡುಗನೊಬ್ಬನ ಪಾಲಾಗಿತ್ತು. ನಾವಿರುವುದು ತಣಿಸಂದ್ರದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ, ಅಲ್ಲಿ ಒಗೆದ ಬಟ್ಟೆ ಹರಡುವುದಕ್ಕೇ ಓನರ್ ಆಂಟಿಯ ಅಪ್ಪಣೆ ಬೇಕು. ಉಳಿದದ್ದು ಅಮೃತಹಳ್ಳಿಯ ಅಮ್ಮನ ಮನೆಯ ಹಿತ್ತಿಲು. ಅಪ್ಪ ಇದ್ದಾಗ ಅಲ್ಲಿ ಕನಕಾಂಬರ ಬೆಳೆಯುತ್ತಿದ್ದೆವು. ಆಮೇಲೆ ಪಕ್ಕದ ತೋಟದಲ್ಲಿ ಹದಿನಾಲ್ಕು ಮಹಡಿ ಎದ್ದಿತು, ಹಿತ್ತಿಲಿಗೆ ಬೆಳಿಗ್ಗೆ ಒಂದು ಗಳಿಗೆ ಬಿಟ್ಟರೆ ಬಿಸಿಲೇ ಇಲ್ಲ. ಕನಕಾಂಬರ ಹೂ ಬಿಡುವುದನ್ನು ನಿಲ್ಲಿಸಿತು. ಆ ಅಪಾರ್ಟ್‌ಮೆಂಟಿಗೆ ಅಮ್ಮ ದಿನಾ ಶಾಪ ಹಾಕುತ್ತಾಳೆ. ನನಗೆ ಮಾತ್ರ ಅದು ಪುಕ್ಕಟೆ ನೆರಳು. ಮೇಲೆ ಒಂದು ಹಸಿರು ಬಲೆ ಕಟ್ಟಿ, ಕೆಳಗೆ ಎರಡು ಸಾಲು ಕುಂಡ ಜೋಡಿಸಿದೆ.

ನೀರು ಹಾಕುವ ಕೆಲಸ ಅಮ್ಮನದು. ನನ್ನಮ್ಮ ನಾರಾಯಣಮ್ಮ ಹುಟ್ಟಿದ್ದೂ ಬೆಳೆದದ್ದೂ ತೋಟದಲ್ಲೇ. ಜಕ್ಕೂರು ಕೆರೆಯ ಕೆಳಗೆ ಅವಳ ತವರಿನವರ ತರಕಾರಿ ಮಡಿಗಳಿದ್ದವು. ಅವಳು ನಟ್ಟದ್ದು ಒಣಗಿದ್ದನ್ನು ನಾನು ನೋಡಿಲ್ಲ. ಅವಳಿಗೆ ಗೊತ್ತಿದ್ದ ಸೂತ್ರ ಒಂದೇ, ಒಂದು ಗುಣಿಗೆ ಒಂದೇ ಗಿಡ. ಎರಡು ಮೊಳೆತರೆ ಸೊರಗಿದ್ದನ್ನು ಕೀಳಬೇಕು. ಟೊಮೇಟೊ ಗಿಡದ ಸಂದಿಯಲ್ಲಿ ಎದ್ದ ಬೇಡದ ಕುಡಿಯನ್ನು ಉಗುರಿನಲ್ಲಿ ಚಿವುಟಬೇಕು. ಸತ್ವ ಹಂಚಿಹೋಗಬಾರದು. ತೋಟದವರೆಲ್ಲ ಹೀಗೇ ಮಾಡುವುದು, ಟೊಮೇಟೊಗೆ ಅದು ಸರಿಯೂ ಹೌದು.

"ನೀರು ಬಿಟ್ಟು ಬೇರೇನೂ ಮಾಡ್ಬೇಡಮ್ಮ," ಎಂದು ನಾನು ಹೇಳಿದ್ದೆ. ಒಂದು ಸಲ ಅಲ್ಲ, ಬಾಯಿ ನೋಯುವಷ್ಟು ಸಲ.

"ಆಯ್ತು ಬುಡೇ. ನಂಗೇನ್ ಗಿಡ ಸಾಕಕ್ ಬರಾಕಿಲ್ವಾ?"

ಬರುತ್ತಿತ್ತು, ಅದೇ ತೊಂದರೆಯಾದದ್ದು. ನೆರಳಿನ ಗಿಡಗಳು ಬೆಳೆಯುವುದು ಆಮೆ ನಡೆದ ಹಾಗೆ. ತಿಂಗಳುಗಟ್ಟಲೆ ನೀರು ಹಾಕಿದರೂ ಒಂದು ಗೇಣು ಮೇಲೇಳದ ಗಿಡಗಳನ್ನು ಕಂಡು ಅಮ್ಮನಿಗೆ ಅವಮಾನ. ಹಿಂದಿನ ಬೀದಿಯ ಮುನಿಕೃಷ್ಣಮ್ಮ ಬೇಲಿಯ ಮೇಲಿಂದ ಇಣುಕಿ, "ಏನ್ ನಾರಾಯಣಮ್ಮ, ನಿನ್ ಕೈಗುಣ ಓಯ್ತಾ?" ಎಂದು ಕೆಣಕಿದ್ದಳಂತೆ.

ನಾನು ಇಂಟರ್ನಲ್ ಪರೀಕ್ಷೆ ಅಂತ ಒಂದು ವಾರ ಆ ಕಡೆ ಹೋಗಿರಲಿಲ್ಲ. ಶನಿವಾರ ಮಧ್ಯಾಹ್ನ ಹೋದೆ. ಮರುದಿನದಿಂದ ಅಳತೆ ಶುರು ಮಾಡಬೇಕಿತ್ತು, ಕಾಲೇಜಿನಿಂದ ಬೆಳಕು ಅಳೆಯುವ ಮೀಟರ್ ತಂದಿದ್ದೆ. ಅಮ್ಮ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ಮೊರ, ಅದರ ತುಂಬ ಹೆಬ್ಬೆರಳಿನ ಗಾತ್ರದ ಹಸಿರು ಎಲೆಗಳು.

"ಬಾ ಬಾ, ನೋಡು ಎಂಗೆ ಕಿಲೀನ್ ಮಾಡಿವ್ನಿ," ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಕುಂಡಗಳ ಕಡೆ ನೋಡಿದೆ. ಮುಂದಿನ ಸಾಲಿನ ಅಷ್ಟೂ ಗಿಡಗಳಲ್ಲಿ ಒಂದೂ ಸಣ್ಣ ಎಲೆ ಇರಲಿಲ್ಲ. ಗೆಣ್ಣಿನಲ್ಲಿ ಹಾಲು ಒಸರಿ ಒಣಗಿತ್ತು.

"ಏನಮ್ಮ ಮಾಡಿದೀಯ ಇದು?"

"ಅವೇ ಕಣೇ, ದಂಡದೆಲೆಗೊಳು. ಸುಮ್ಕೆ ಸತ್ವ ಈರ್ಕೊಂಡ್ ಕುಂತಿದ್ವು. ಅವುನ್ನ ಚಿವುಟಿದ್ರೆ ದೊಡ್ಡೆಲೆ ಚೆನ್ನಾಗ್ ಬತ್ತದೆ. ಇನ್ನೊಂದ್ ಸಾಲ್ ಐತೆ, ಮಂಡಿ ಇಡ್ಕೊಂಡ್ಬುಡ್ತು. ನಾಳಿಕ್ ಮಾಡ್ತೀನಿ."

ನಾನು ಕೂಗಿಕೊಂಡೆ. ಏನೇನು ಕೂಗಿದೆ ಎಂದು ಇಲ್ಲಿ ಬರೆಯುವಂತಿಲ್ಲ, ತಾಯಿಗೆ ಆಡುವ ಮಾತುಗಳಲ್ಲ ಅವು. ಎಪ್ಪತ್ತರ ಹತ್ತಿರದ ಮುದುಕಿ, ಉಗುರೆಲ್ಲ ಕಪ್ಪಾಗಿತ್ತು, ಮಗಳಿಗೆ ಒಳ್ಳೆಯದಾಗಲಿ ಎಂದು ಬೆಳಿಗ್ಗೆಯಿಂದ ಬೆನ್ನು ಬಗ್ಗಿಸಿ ಕೂತಿದ್ದಳು. ಅದು ನನಗೆ ಕಾಣುತ್ತಿತ್ತು. ಕಂಡರೂ ಬಾಯಿ ನಿಲ್ಲಲಿಲ್ಲ.

ಅಮ್ಮನೂ ಬಿಡುವ ಪೈಕಿಯವಳಲ್ಲ. ಮೊರವನ್ನು ಆಚೆಗೆ ತಳ್ಳಿ ಎದ್ದು ನಿಂತಳು. "ಯಾಕಿಂಗ್ ಬಾಯ್ ಬಡ್ಕೊಂತೀಯ? ಚಿವುಟ್ದೆ ಯಾವ್ದಾನ ಬೆಳೀತದಾ? ಅವತ್ತು ನಿನ್ನ ಬುಡುಸ್ದೆ ಅಂತ ಇವತ್ಗೂ ಮಖ ಊದಿಸ್ಕೊಂಡಿದೀಯ. ಇಬ್ರೂ ಓದಿದ್ರೆ ಇಬ್ರೂ ಅರ್ಧಂಬರ್ಧ ಆಗ್ತಿದ್ರಿ. ನಿನ್ನ ನಿಲ್ಸಿದ್ಕೇ ಅವ್ಳು ಬ್ಯಾಂಕ್ ಆಪೀಸರ್ ಆಗಿದ್ದು. ಒಬ್ಳಾನ ಮ್ಯಾಕ್ ಬಂದ್ಳಲ್ಲ!"

ಎಲೆಗೂ ಮನುಷ್ಯರಿಗೂ ಹೋಲಿಕೆ ಕಟ್ಟಿದ್ದು ನಾನಲ್ಲ, ಅಮ್ಮ. ಅವಳ ಲೆಕ್ಕದಲ್ಲಿ ಅದು ಹೋಲಿಕೆಯೂ ಅಲ್ಲ, ಒಂದೇ ಕೆಲಸ. ಟೊಮೇಟೊ ಮಡಿಯಲ್ಲಿ ಮಾಡಿದ್ದನ್ನು ಮನೆಯಲ್ಲೂ ಮಾಡಿದ್ದಳು, ಈಗ ನನ್ನ ಕುಂಡಗಳಲ್ಲೂ ಮಾಡಿದ್ದಳು. ನಾನು ಮೀಟರನ್ನು ಬ್ಯಾಗಿಗೆ ತುಂಬಿಕೊಂಡು, ಕಾಫಿಯನ್ನೂ ಕುಡಿಯದೆ ಹೊರಟೆ.

ಅಮ್ಮ ಅಕ್ಕನಿಗೆ ಫೋನ್ ಮಾಡಿ ಅತ್ತಳು. ಭಾನುವಾರ ಅಕ್ಕ ನಮ್ಮ ಮನೆಗೆ ಬಂದಳು. ಸಹಕಾರನಗರದಲ್ಲಿ ಸ್ವಂತ ಫ್ಲ್ಯಾಟು, ಸ್ವಂತ ಕಾರು, ಮಾತಿನಲ್ಲಿ ಬ್ಯಾಂಕಿನ ಕೌಂಟರಿನ ತಾಳ್ಮೆ. ಬಂದವಳೇ ಸೋಫಾದ ತುದಿಯಲ್ಲಿ ಕೂತು, "ಅಮ್ಮಂಗೆ ಏನ್ ಗೊತ್ತಾಗುತ್ತೆ ಹೇಳು ಬಿಂದು. ಹೋಗ್ಲಿ ಬಿಡು," ಎಂದಳು.

"ನಿಂಗೇನಕ್ಕ, ಹೋಗ್ಲಿ ಬಿಡು ಅನ್ನೋದು ಸುಲಭ. ನನ್ನ ನಿಲ್ಸಿದ್ದಕ್ಕೆ ನೀನ್ ಮೇಲೆ ಬಂದೆ ಅಂತ ಅಮ್ಮ ನಿನ್ನೆ ಬಾಯ್ಬಿಟ್ಟು ಹೇಳಿದ್ಳು."

ಅಕ್ಕ ತಟಕ್ಕನೆ ತಲೆಯೆತ್ತಿದಳು. "ಏನಂದೆ? ಅಮ್ಮ ನಿನ್ನ ನಿಲ್ಸಿದ್ರಾ? ನಿಂಗೇ ಓದೋಕೆ ಇಷ್ಟ ಇಲ್ಲ, ಕೆಲಸಕ್ಕೆ ಹೋಗ್ತೀನಂತ ಹಟ ಮಾಡ್ತಾಳೆ ಅಂತ ನಂಗೆ ಹೇಳಿದ್ರಲ್ಲ."

"ನಿಂಗೋಸ್ಕರ ಅಂತ ನಂಗೆ ಹೇಳಿದ್ಳು. ನಿನ್ನ ಫೀಸು, ನಿನ್ನ ಹಾಸ್ಟೆಲ್ಲು."

"ನಂಗೆ ಸ್ಕಾಲರ್‌ಶಿಪ್ ಇತ್ತು ಕಣೇ. ಹಾಸ್ಟೆಲ್ ಫ್ರೀ ಇತ್ತು. ಅಪ್ಪಂಗೂ ಗೊತ್ತಿತ್ತು, ಅಮ್ಮಂಗೂ ಗೊತ್ತಿತ್ತು." ಅಕ್ಕನ ದನಿ ಇಳಿಯಿತು. "ನೀನ್ ಫ್ಯಾಕ್ಟರಿಯಿಂದ ತರ್ತಿದ್ದ ಸಂಬಳದಲ್ಲಿ ನಾನು ಒಂದು ಪೆನ್ನೂ ತಗೊಂಡಿಲ್ಲ ಬಿಂದು. ದೇವರಾಣೆ."

ಅವಳು ಸುಳ್ಳು ಹೇಳುವವಳಲ್ಲ. ಅದೇ ನನಗೆ ತಡೆಯಲಾಗದ್ದು. ಇಷ್ಟು ವರ್ಷ ನಾನು ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಅವಳ ಗೃಹಪ್ರವೇಶದಲ್ಲಿ ಹೋಳಿಗೆ ತಿನ್ನುವಾಗಲೂ ಗಂಟಲಲ್ಲಿ ಉರಿ ಇತ್ತು. ಆದರೆ ಆ ಉರಿಯ ಅಡಿಯಲ್ಲಿ ಒಂದು ಸಮಾಧಾನವೂ ಇತ್ತು. ನನ್ನಿಂದ ಕಿತ್ತುಕೊಂಡದ್ದು ದಾರಿಯಲ್ಲಿ ಹೋಗುವವರಿಗೆ ಸಿಗಲಿಲ್ಲ, ನನ್ನ ಅಕ್ಕನಿಗೆ ಸಿಕ್ಕಿತು. ಆ ಫ್ಲ್ಯಾಟಿನ ಒಂದು ಕಿಟಕಿಯಾದರೂ ನನ್ನದು ಎಂದು ಒಳಗೊಳಗೇ ಅಂದುಕೊಂಡಿದ್ದೆ. ಈಗ ಅದೂ ಇಲ್ಲವೇ?

ಸೋಮವಾರ ಶೇಖರಪ್ಪ ಸರ್ ಮುಂದೆ ನಿಂತು ವಿಷಯ ಹೇಳಿದೆ. ಪ್ರಾಜೆಕ್ಟ್ ಮುಗಿಯಿತು, ಒಂದು ವರ್ಷ ಮುಂದಕ್ಕೆ ಹೋಯಿತು ಎಂದೇ ಹೋಗಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಎರಡೂ ಸಾಲಿಗೆ ಒಂದೇ ನೆರಳು ತಾನೇ?"

"ಹೌದು ಸರ್. ವಾರಕ್ಕೊಂದ್ಸಲ ಕುಂಡಗಳ ಜಾಗ ಅದಲುಬದಲು ಮಾಡ್ತಿದ್ದೆ."

"ಮತ್ತೇನಮ್ಮ ನಿನ್ನ ಗೋಳು? ಒಂದು ಸಾಲಿನಲ್ಲಿ ಸಣ್ಣ ಎಲೆ ಇದೆ, ಇನ್ನೊಂದರಲ್ಲಿ ಇಲ್ಲ. ಇದನ್ನ ನಾನೇ ಮಾಡಿಸ್ಬೇಕಿತ್ತು, ಹೊಳೀಲಿಲ್ಲ. ಎರಡು ತಿಂಗಳು ಕಾಯಿ. ಹೊಸ ಕುಡಿಯಲ್ಲಿ ಸಣ್ಣ ಎಲೆ ಬಂದ್ರೆ ಅದನ್ನೂ ತೆಗಿ. ಸಣ್ಣದನ್ನು ತೆಗೆದ್ರೆ ಆ ಬೆಳಕು ದೊಡ್ಡ ಎಲೆಗೆ ಹೋಗುತ್ತೋ ಇಲ್ವೋ ನೋಡೋಣ. ನಿಮ್ಮಮ್ಮನ ಥಿಯರಿ ಸರಿಯಾಗಿದ್ರೂ ಇರಬಹುದು."

ಹೀಗೆ ಅಮ್ಮನ ತಪ್ಪೇ ನನ್ನ ಪ್ರಾಜೆಕ್ಟ್ ಆಯಿತು. ಉಳಿದ ಸಾಲನ್ನು ಮುಟ್ಟದ ಹಾಗೆ ಅಮ್ಮನಿಂದ ಆಣೆ ಮಾಡಿಸಿಕೊಂಡೆ. ಮುಂದಿನ ಸಾಲಿನಲ್ಲಿ ಹೊಸದಾಗಿ ಬಂದ ಸಣ್ಣ ಎಲೆಗಳನ್ನು ನಾನೇ ಚಿವುಟಬೇಕಾಯಿತು. ಮೊದಲನೆಯ ಸಲ ಉಗುರು ತಾಗಿಸುವಾಗ ಅಮ್ಮ ಪಕ್ಕದಲ್ಲೇ ನಿಂತು, "ನೋಡ್ದಾ, ಅವತ್ತು ಬೈದೆ. ಈಗ ನೀನೂ ಅದನ್ನೇ ಮಾಡ್ತೀಯ," ಎಂದಳು. ಅವಳ ಮುಖದಲ್ಲಿ ಗೆದ್ದ ಕಳೆ. ನನಗೆ ಪಿತ್ತ ನೆತ್ತಿಗೇರಿತು, ಆದರೂ ಸುಮ್ಮನಿದ್ದೆ.

ಸುಮ್ಮನಿದ್ದುದಕ್ಕೆ ಕಾರಣ ಇತ್ತು. ನಾಚಿಕೆ ಬಿಟ್ಟು ಹೇಳಿಕೊಳ್ಳುತ್ತೇನೆ, ಆ ಎರಡು ತಿಂಗಳು ನಾನು ಅಮ್ಮನೇ ಗೆಲ್ಲಲಿ ಎಂದು ಹಾರೈಸಿದೆ. ವಿಜ್ಞಾನ ಓದಿದವಳು ಹಾಗೆ ಹಾರೈಸಬಾರದು. ಆದರೂ ದೊಡ್ಡ ಎಲೆಗಳು ಒಂದು ಕೂದಲೆಳೆಯಷ್ಟಾದರೂ ಹೆಚ್ಚು ಅಗಲವಾಗಿರಲಿ, ಚಿವುಟಿದ್ದು ದಂಡವಾಗದಿರಲಿ ಎಂದು ಬಸ್ಸಿನಲ್ಲಿ ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತಿರುವಾಗಲೆಲ್ಲ ಅಂದುಕೊಳ್ಳುತ್ತಿದ್ದೆ. ಅಕ್ಕನಿಗೆ ಹೋಗಿದೆ, ಎಲ್ಲೋ ಹೇಗೋ ಹೋಗಿದೆ, ಅವಳಿಗೇ ಗೊತ್ತಿಲ್ಲದೆ ಹೋಗಿದೆ. ಎಲೆ ಅಷ್ಟು ಹೇಳಿಬಿಟ್ಟರೆ ಸಾಕಿತ್ತು ನನಗೆ.

ಎಲೆಗೆ ನನ್ನ ಸಂಕಟ ಗೊತ್ತಿಲ್ಲ. ದೊಡ್ಡ ಎಲೆಗಳನ್ನು ಅಳೆದೆ, ತೂಗಿದೆ, ಮತ್ತೆ ಅಳೆದೆ. ಚಿವುಟಿದ ಗಿಡಗಳಲ್ಲಿ ದೊಡ್ಡ ಎಲೆ ಒಂದು ಚೂರೂ ಹೆಚ್ಚು ಬೆಳೆದಿರಲಿಲ್ಲ. ಆಮೇಲೆ ಬಂದ ಹೊಸ ದೊಡ್ಡ ಎಲೆಗಳಂತೂ ಪಕ್ಕದ ಸಾಲಿನವಕ್ಕಿಂತ ಚಿಕ್ಕವಾಗಿದ್ದವು. ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಸಂದಿನ ಬೆಳಕು ದೊಡ್ಡ ಎಲೆಗೆ ಯಾವತ್ತೂ ಎಟುಕುವಂಥದ್ದಲ್ಲ, ಎಟುಕಿದ್ದರೆ ಮರ ಅಲ್ಲೊಂದು ಸಣ್ಣ ಎಲೆ ಯಾಕೆ ಹುಟ್ಟಿಸುತ್ತಿತ್ತು? ಸಣ್ಣ ಎಲೆ ದುಡಿದು ಕೊಡುತ್ತಿದ್ದುದನ್ನು ತಿಂದೇ ಹೊಸ ದೊಡ್ಡ ಎಲೆ ಬೆಳೆಯಬೇಕಿತ್ತು. ಮೀಟರನ್ನು ಗಿಡದ ಬುಡದಲ್ಲಿ ಇಟ್ಟು ನೋಡಿದೆ. ಚಿವುಟಿದ ಸಾಲಿನಲ್ಲಿ ಬೆಳಕು ಎಲೆಗಳ ಸಂದಿಯಿಂದ ಸೀದಾ ಕುಂಡದ ಮಣ್ಣಿಗೆ ಬೀಳುತ್ತಿತ್ತು. ಆ ಮಣ್ಣಿನ ಮೇಲೆ ಪಾಚಿ ಹಸಿರಾಗಿ ಹಬ್ಬಿಕೊಂಡಿತ್ತು. ಪಕ್ಕದ ಸಾಲಿನ ಮಣ್ಣು ಬರಿದಾಗಿತ್ತು.

ಪ್ರಾಜೆಕ್ಟಿಗೆ ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ಬಂದವು. ಹೊರಗಿನಿಂದ ಬಂದ ಪರೀಕ್ಷಕರು, "ಎಷ್ಟು ಚೊಕ್ಕವಾದ ಪ್ರಯೋಗ, ಎಲೆ ತೆಗೆಯುವ ಐಡಿಯಾ ಯಾರದು?" ಎಂದು ಕೇಳಿದರು. ಅಮ್ಮನದು ಎಂದೆ. ಅವರು ನಕ್ಕರು, ತಮಾಷೆ ಅಂದುಕೊಂಡರು. ಹುಡುಗರು "ಅಕ್ಕ, ಪಾರ್ಟಿ" ಎಂದು ಹಿಂದೆ ಬಿದ್ದರು. ಕ್ಯಾಂಟೀನಿನಲ್ಲಿ ಎಲ್ಲರಿಗೂ ಬನ್ ಕೊಡಿಸಿ ಅಮೃತಹಳ್ಳಿಗೆ ಹೋದೆ.

ಅಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಪಾಸಾಯಿತು ಎಂದೆ. ಅವಳ ಮುಖ ಅರಳಿತು. ಪಕ್ಕದಲ್ಲಿ ಕೂರಿಸಿಕೊಂಡಳು.

"ದೊಡ್ಡೆಲೆ ಚೆನ್ನಾಗ್ ಬಂದಿತ್ತಾ?" ಎಂದು ಕೇಳಿದಳು. "ನಾನ್ ಚಿವುಟಿದ್ವು?"

ಹೂಂ ಅನ್ನಬಹುದಿತ್ತು. ಒಂದು ಅಕ್ಷರ. ಅವಳು ಮುನಿಕೃಷ್ಣಮ್ಮನಿಗೆ ಬೇಲಿಯ ಮೇಲಿಂದ ಕೂಗಿ ಹೇಳುತ್ತಿದ್ದಳು, ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದಳು. ನನ್ನ ಬಾಯಿಗೆ ಆ ಅಕ್ಷರ ಬರಲಿಲ್ಲ. ಬರಬಾರದು ಎಂದು ನಾನೇ ತಡೆದೆನೋ ಏನೋ. ಸಿಟ್ಟು ಅಷ್ಟು ಹಳೆಯದು.

"ಇಲ್ಲಮ್ಮ. ಬರ್ಲಿಲ್ಲ."

"ಒಸೀನೂ?"

"ಒಸೀನೂ ಇಲ್ಲ. ಆಮೇಲೆ ಬಂದಿದ್ದು ಇನ್ನೂ ಸಣ್ಣದಾಗೇ ಬಂತು."

ಅವಳ ಬೆರಳು ಅವರೆಕಾಯಿಯ ಮೇಲೆ ನಿಂತಿತು. "ಅಂಗಾರೆ ಆ ಸಣ್ಣೆಲೇದು? ಅದುಕ್ ಬರ್ತಿದ್ ಬೆಳಕು? ಅದೆಲ್ಲೋಯ್ತು?"

"ನೆಲಕ್ ಬಿತ್ತು. ಯಾರಿಗೂ ಸಿಗ್ಲಿಲ್ಲ."

"ಚಿವುಟಿದ್ ಕಡೆ ತಿರ್ಗಾ ಬರಾಕಿಲ್ವಾ?"

"ಬೇರೆ ಕಡೆ ಚಿಗುರುತ್ತೆ. ಆ ಜಾಗದಲ್ಲಿ ಆ ಎಲೆ ಬರಲ್ಲ."

ಅಮ್ಮ ತಲೆ ತಗ್ಗಿಸಿದಳು. ಅವಳಿಗೆ ಗಿಡದ ಭಾಷೆ ನನಗಿಂತ ಚೆನ್ನಾಗಿ ಗೊತ್ತು, ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಅಕ್ಕ ಅವಳ ಹತ್ತಿರ ಸ್ಕಾಲರ್‌ಶಿಪ್ಪಿನ ಮಾತು ಎತ್ತಿದ್ದಳೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಉಳಿದ ಅವರೆಕಾಯಿಯನ್ನು ಒಂದೊಂದಾಗಿ ಬಿಡಿಸಿ ಮುಗಿಸಿದಳು. ನನಗೆ ಗೆದ್ದೆ ಅನ್ನಿಸಬೇಕಿತ್ತು. ಹದಿನೇಳು ವರ್ಷದಿಂದ ಕಾದಿದ್ದ ಮಾತು ಅದು. ಗೆಲುವು ಎಲ್ಲೂ ಕಾಣಲಿಲ್ಲ.

ಕೊನೆಗೆ ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ಓಯ್ತು ಕಣಮ್ಮ, ದೊಡ್ಡೆಲೇಗೇ ಓಯ್ತು ಅಂದಿದ್ರೆ ನಿನ್ ಗಂಟೇನ್ ಓಗ್ತಿತ್ತೇ? ನಾನಿನ್ನೆಷ್ಟ್ ದಿನ ಇರ್ತೀನಿ? ಸಾಯೋಗಂಟ ಅಂಗೇ ಅಂದ್ಕೊಂಡಿರ್ತಿದ್ದೆ."

"ನಾನೂ ಅಂಗೇ ಅಂದ್ಕೊಂಡಿದ್ದೆ ಕಣಮ್ಮ," ಎಂದೆ. "ಇಷ್ಟ್ ವರ್ಷ ನಾನೂ ಅದನ್ನೇ ನಂಬ್ಕೊಂಡು ಬದುಕಿದ್ದೆ."